ಮಕ್ಕಳು ಮತ್ತು ಹಿರಿಯರೊಂದಿಗೆ ಆಲ್ಪ್ಸ್: ಊರು ಒಂದೇ ಇರಲಿ, ಚಾರಣಗಳು ಬೇರೆಬೇರೆಯಾಗಿರಲಿ

7 ಮತ್ತು 11 ವರ್ಷದ ಇಬ್ಬರು ಮಕ್ಕಳು ಹಾಗೂ 65 ದಾಟಿದ ತಾಯಿಯವರೊಂದಿಗೆ ಜುಲೈನಲ್ಲಿ ಆರು ದಿನ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೀರಿ. ದಿನಕ್ಕೊಂದು ಬಗೆಯ ಚಾರಣ ಸಿಗಬೇಕಾದರೆ ಮೂರು ಊರುಗಳಲ್ಲಿ ತಂಗಬೇಕೆ ಎಂದು ಕೇಳಿದ್ದೀರಿ. ಬೇಡ ಎಂಬುದೇ ನನ್ನ ಉತ್ತರ. ಎರಡು ಬೇಸಿಗೆಗಳಲ್ಲಿ ಕುಟುಂಬದೊಡನೆ ಲೌಟರ್‌ಬ್ರುನ್ನೆನ್‌ನಲ್ಲಿ ತಂಗಿದ್ದ ಅನುಭವದಿಂದ ಹೇಳುತ್ತಿದ್ದೇನೆ. ಸುಮಾರು 800 ಮೀಟರ್ ಎತ್ತರದಲ್ಲಿರುವ ಈ ಕಣಿವೆಯ ಎರಡೂ ಬದಿಗಳಿಗೆ ರೈಲು ಮತ್ತು ಕೇಬಲ್ ಕಾರುಗಳು ಹತ್ತುವುದರಿಂದ, ಪೆಟ್ಟಿಗೆ ಕಟ್ಟಿ ಬಿಚ್ಚುವ ಗೋಜಿಲ್ಲದೆ ಒಂದು ದಿನ ಕಾಡಂಚಿನಲ್ಲಿ, ಇನ್ನೊಂದು ದಿನ ಗಿರಿಯ ಏಣಿನ ಮೇಲೆ, ಮತ್ತೊಂದು ದಿನ ಸರೋವರದ ದಡದಲ್ಲಿ ನಡೆಯಬಹುದು.

ಮೊದಲ ದಿನ ಕೇಬಲ್ ಕಾರಿನಲ್ಲಿ ಗ್ರುಚಾಲ್ಪ್‌ಗೆ ಹೋಗಿ, ಅಲ್ಲಿಂದ ಮ್ಯೂರೆನ್‌ವರೆಗೆ ಹೆಚ್ಚು ಏರಿಳಿತವಿಲ್ಲದ ಸುಮಾರು ನಾಲ್ಕೂವರೆ ಕಿಲೋಮೀಟರ್ ದಾರಿಯಲ್ಲಿ ನಡೆಯಿರಿ. ಐಗರ್, ಮೋಂಕ್, ಯುಂಗ್‌ಫ್ರಾವ್ ಮೂರೂ ಶಿಖರಗಳು ಕಣಿವೆಯಾಚೆ ಕಾಣುತ್ತಿರುತ್ತವೆ. ದಾರಿಗೆ ಜೊತೆಯಾಗಿ ಪುಟ್ಟ ರೈಲು ಓಡುವುದರಿಂದ, ದಣಿದವರು ನಡುವಿನ ವಿಂಟರೆಗ್ ನಿಲ್ದಾಣದಲ್ಲಿ ಅದನ್ನು ಹತ್ತಬಹುದು. ಹೊಸ ಶೂ ಯಾರ ಹಿಮ್ಮಡಿಯನ್ನು ಕಚ್ಚುತ್ತದೆ ಎಂಬುದೂ ಅಂದೇ ತಿಳಿಯುತ್ತದೆ.

ಆಕಾಶ ಸ್ವಚ್ಛವಾಗಿರುವ ದಿನವನ್ನು ಮ್ಯಾನ್ಲಿಖೆನ್‌ಗೆ ಮೀಸಲಿಡಿ. ವೆಂಗೆನ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಕೇಬಲ್ ಕಾರ್ ಹತ್ತಿದರೆ, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಹೆಚ್ಚು ಎತ್ತರದಲ್ಲಿ ಇಳಿಯುತ್ತೀರಿ. ಅಲ್ಲಿಂದ ಕ್ಲೈನೆ ಶೈಡೆಗ್‌ಗೆ ಮೆಲ್ಲನೆ ಇಳಿಯುವ ಅಗಲವಾದ ದಾರಿಯಿದೆ. ಒಂದೂವರೆ ಗಂಟೆಯ ಈ ನಡಿಗೆಯಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಸರೋವರಕ್ಕಾಗಿ ಗ್ರಿಂಡೆಲ್‌ವಾಲ್ಡ್‌ನಿಂದ ಗೊಂಡೋಲಾ ಕೇಬಲ್ ಕಾರಿನಲ್ಲಿ ಫಸ್ಟ್ ಎಂಬ ಎತ್ತರದ ತಾಣಕ್ಕೆ ಹೋಗಿ. ಅಲ್ಲಿಂದ ಬಾಖಾಲ್ಪ್‌ಜೇ ಸರೋವರ ಸುಮಾರು ಮೂರು ಕಿಲೋಮೀಟರ್. ಮಳೆ ಹಿಡಿದರೆ ಟ್ರ್ಯುಮೆಲ್‌ಬಾಖ್ ಜಲಪಾತವಿದೆ. ಹಿಮನದಿಗಳ ನೀರು ಸೆಕೆಂಡಿಗೆ 20,000 ಲೀಟರ್‌ವರೆಗೆ ಬಂಡೆಯೊಳಗೇ ಧುಮ್ಮಿಕ್ಕುವ ಜಾಗವದು. ಮಳೆಗಿಂತ ಹೆಚ್ಚು ಅದೇ ತೋಯಿಸುತ್ತದೆ, ಮಕ್ಕಳಿಗೆ ಅದೇ ಸಂಭ್ರಮ.

ಐಗರ್ ಟ್ರೇಲ್ ಬಗ್ಗೆ ಮಾತ್ರ ಎಚ್ಚರಿಕೆ. ಐಗರ್‌ಗ್ಲೆಚರ್ ನಿಲ್ದಾಣದಿಂದ ಆಲ್ಪಿಗ್ಲೆನ್‌ಗೆ ಹೋಗುವ ಈ ದಾರಿ, 1938ರಲ್ಲಿ ಮೊದಲ ಬಾರಿಗೆ ಹತ್ತಲಾದ, ಐಗರ್ ಶಿಖರದ ಕಡಿದಾದ ಉತ್ತರ ಗೋಡೆಯ ಬುಡದಲ್ಲೇ ಸಾಗುತ್ತದೆ. ಇಳಿಜಾರು ತಾನೇ, ಸುಲಭವಿರುತ್ತದೆ ಎಂದುಕೊಂಡು ನಾನು ಅತ್ತೆಯವರನ್ನೂ ಕರೆದೊಯ್ದೆ. ಸುಮಾರು ಆರು ಕಿಲೋಮೀಟರ್‌ಗಳಲ್ಲಿ 700 ಮೀಟರ್ ಇಳಿದ ಅವರಿಗೆ ಮಾರನೆಯ ದಿನ ಮಂಡಿನೋವಿನಿಂದ ಮೆಟ್ಟಿಲಿಳಿಯುವುದೂ ಕಷ್ಟವಾಯಿತು. ಹತ್ತುವುದು ಉಸಿರನ್ನು ಕೇಳುತ್ತದೆ, ಇಳಿಯುವುದು ಮಂಡಿಯನ್ನು. ಆದ್ದರಿಂದ ನಿಮ್ಮ ತಾಯಿಯವರು ಕ್ಲೈನೆ ಶೈಡೆಗ್‌ನಿಂದ ರೈಲಿನಲ್ಲೇ ಆಲ್ಪಿಗ್ಲೆನ್‌ಗೆ ಬರಲಿ. ಹಿರಿಯ ಮಗುವಿನೊಡನೆ ನಿಮ್ಮಲ್ಲೊಬ್ಬರು ನಡೆದು ಬಂದು ಅವರನ್ನು ಕೂಡಿಕೊಳ್ಳಿ.

ಯಾವ ದಿನ ಯಾವ ದಾರಿ ಎಂಬುದನ್ನು ಬೆಂಗಳೂರಿನಲ್ಲೇ ಕುಳಿತು ಗೊತ್ತುಮಾಡಬೇಡಿ. ಕಣಿವೆಯಲ್ಲಿ ಮಂಜು ಕವಿದಿದ್ದರೂ ಮೇಲೆ ಬಿಸಿಲಿರಬಹುದು, ಇದಕ್ಕೆ ವಿರುದ್ಧವಾಗಿಯೂ ಇರಬಹುದು. ಶಿಖರಗಳ ಲೈವ್ ಕ್ಯಾಮೆರಾಗಳನ್ನು ಬೆಳಗಿನ ಕಾಫಿಯ ಹೊತ್ತಿಗೆ ನೋಡಿ ತೀರ್ಮಾನಿಸಿ. ಜುಲೈನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಬರುವುದುಂಟು, ಹಾಗಾಗಿ ಎತ್ತರದ ದಾರಿಗಳನ್ನು ಬೆಳಿಗ್ಗೆಯೇ ಮುಗಿಸಿ. ಬರಿಯ ಹಳದಿ ಗುರುತಿನ ದಾರಿಗಳು ಎಲ್ಲರಿಗೂ ಹೊಂದುತ್ತವೆ. ಬಿಳಿ-ಕೆಂಪು-ಬಿಳಿ ಪಟ್ಟಿಯಿದ್ದರೆ ಅದು ಬೆಟ್ಟದ ದಾರಿ, ಗಟ್ಟಿ ಶೂ ಮತ್ತು ಸ್ಥಿರವಾದ ಹೆಜ್ಜೆ ಬೇಕು. ಫಲಕಗಳಲ್ಲಿ ದೂರದ ಬದಲು ಸಮಯವನ್ನು ಬರೆದಿರುತ್ತಾರೆ, ಅದರಲ್ಲಿ ವಿಶ್ರಾಂತಿಯ ಹೊತ್ತು ಸೇರಿರುವುದಿಲ್ಲ. ಮಕ್ಕಳು ಜೊತೆಗಿದ್ದರೆ ಅದರ ಒಂದೂವರೆ ಪಟ್ಟು ಎಂದುಕೊಳ್ಳಿ, ಮತ್ತು ಕೊನೆಯ ಕೇಬಲ್ ಕಾರ್ ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದನ್ನು ಮೇಲೆ ಹತ್ತುವ ಮೊದಲೇ ನೋಡಿಕೊಳ್ಳಿ.