ವೋಲ್ಟೋ, ವ್ಯಾಟೋ?

ಯಾದಗಿರಿಯ ಓದುಗರೊಬ್ಬರು ಬರೆದಿದ್ದಾರೆ: 'ತಂಗಿ ಮಗ ದುಬೈನಿಂದ ಎರಡು ವೇಪ್ (ಇ-ಸಿಗರೇಟು) ತಂದಿದ್ದಾನೆ. ಒಂದರಲ್ಲಿ ವೋಲ್ಟ್ ಏರಿಸಬಹುದು, ಇನ್ನೊಂದರಲ್ಲಿ ವ್ಯಾಟ್. ಎರಡೂ ಒಂದೇ ಅಂತಾನೆ. ಐಟಿಐ ಓದಿದ ನನಗೆ ಒಪ್ಪಿಗೆಯಾಗಲಿಲ್ಲ. ಯಾರು ಸರಿ? ಇದರ ಕಾಯಿಲ್ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಿಗುತ್ತಾ?'

ನೀವೇ ಸರಿ.

ಓದುವ ದಿನಗಳಲ್ಲಿ ಬೀದರ್‌ನ ಬಾಡಿಗೆ ಕೋಣೆಯಲ್ಲಿ ನನ್ನದೊಂದು ಕರೆಂಟ್ ಒಲೆ ಇತ್ತು. ಸುರುಳಿ ತಂತಿಯದು. ತಂತಿ ತುಂಡಾದಾಗೆಲ್ಲ ಸುಟ್ಟ ತುದಿ ಕಿತ್ತು, ಉಳಿದಿದ್ದನ್ನು ಎಳೆದು ಕೊಕ್ಕೆ ಹಾಕುತ್ತಿದ್ದೆ. ಸುರುಳಿ ಗಿಡ್ಡವಾದಷ್ಟೂ ಒಲೆ ಜಾಸ್ತಿ ಕೆಂಪು. ಮೂರನೇ ರಿಪೇರಿ ಆದ ಮೇಲೆ ಹಾಲು ಉಕ್ಕುವ ಮೊದಲೇ ತಳ ಹಿಡಿಯಿತು. ಗೋಡೆಯ ಪ್ಲಗ್ಗಿನಲ್ಲಿ ಮೊದಲಿದ್ದ ವೋಲ್ಟೇ (ಕರೆಂಟ್ ನೂಕುವ ಒತ್ತಡ) ಇತ್ತು. ಇಳಿದದ್ದು ಓಮ್, ಅಂದರೆ ತಂತಿ ಕರೆಂಟಿಗೆ ಒಡ್ಡುವ ತಡೆ; ಏರಿದ್ದು ವ್ಯಾಟ್, ಅಂದರೆ ಕಾವಿನ ಲೆಕ್ಕ.

ವೇಪ್‌ನೊಳಗೂ ಅಂಥದೇ ಪುಟ್ಟ ಸುರುಳಿ, ಅದೇ ಕಾಯಿಲ್; ಜೊತೆಗೆ ದ್ರವ ಹೀರುವ ಹತ್ತಿ. 4 ವೋಲ್ಟ್‌ಗೆ ಇಟ್ಟರೆ 2 ಓಮ್ ಕಾಯಿಲ್ 8 ವ್ಯಾಟ್ ಕಾವು ಕೊಡುತ್ತದೆ. ಅದನ್ನು ತೆಗೆದು 1 ಓಮ್‌ನದು ಹಾಕಿ, ವೋಲ್ಟ್ ಮುಟ್ಟಬೇಡಿ: ಸೀದಾ 16 ವ್ಯಾಟ್! ಹತ್ತಿ ಸೀದು ಗಂಟಲು ಹಿಡಿಯುತ್ತದೆ. ವ್ಯಾಟ್‌ನ ಯಂತ್ರ ಹಾಗಲ್ಲ. 10 ವ್ಯಾಟ್‌ಗೆ ಇಟ್ಟರೆ, ಒಳಗಿನ ಚಿಪ್ ಕಾಯಿಲ್‌ನ ಓಮ್ ಅಳೆದು, 2 ಓಮ್‌ಗೆ ಸುಮಾರು 4.5 ವೋಲ್ಟ್, 1.5 ಓಮ್‌ಗೆ 3.9 ವೋಲ್ಟ್ ತಾನೇ ಕೊಡುತ್ತದೆ. ಒಂದೇ ಕಾಯಿಲ್ ಇಟ್ಟುಕೊಂಡಿದ್ದರೆ ಮಾತ್ರ ಹುಡುಗನ ಮಾತು ನಡೆಯುತ್ತದೆ.

2015ರಲ್ಲಿ ಅಮೆರಿಕದ ಸಂಶೋಧಕರು, ವೇಪ್‌ನ ಆವಿಯಲ್ಲಿ 3.3 ವೋಲ್ಟ್‌ನಲ್ಲಿ ಕಾಣದ, ಫಾರ್ಮಾಲ್ಡಿಹೈಡ್ (ಕ್ಯಾನ್ಸರ್ ತರಬಲ್ಲ ರಾಸಾಯನಿಕ) ಬಿಡುವ ವಸ್ತು 5 ವೋಲ್ಟ್‌ನಲ್ಲಿ ಕಂಡಿತು ಅಂದರು. ಅಷ್ಟು ಕಾಯಿಸಿ ಯಾರು ಸೇದುತ್ತಾರೆ ಅಂತ ಜಗಳವೂ ಆಯಿತು. ನನ್ನ ತಕರಾರು ಬೇರೆ: ಓಮ್ ಹೇಳದೆ ಬರೀ ವೋಲ್ಟ್ ಹೇಳಿದರೆ ಕಾವು ಎಷ್ಟಂತ ಹೇಗೆ ಗೊತ್ತಾಗಬೇಕು? ವ್ಯಾಟ್ ಹಾಕಿದರೆ ನಿಕೋಟಿನ್ ಸಾಧುವಾಗುವುದಿಲ್ಲ, ಅದೂ ನಿಜ ಅನ್ನಿ.

ಇನ್ನು ಕಾಯಿಲ್ ಅಂಗಡಿ. ವಿಳಾಸ ಕೊಡಲ್ಲ. 2019ರ ಕಾಯ್ದೆ ಪ್ರಕಾರ ದೇಶದಲ್ಲೆಲ್ಲೂ ಇ-ಸಿಗರೇಟು ಮಾರುವಂತಿಲ್ಲ, ತರಿಸುವಂತಿಲ್ಲ. ಬಿಡಿಭಾಗಕ್ಕೂ ಇದೇ ಮಾತು. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತೂ ಅಪರಾಧವೇ. ಅಂಗಡಿ ಹೆಸರು ಅಚ್ಚಾದರೆ ನಿಮ್ಮ ಹುಡುಗನ ಜೊತೆ ನಾನೂ ಉತ್ತರ ಹೇಳಬೇಕಾಗುತ್ತದೆ, ಅಲ್ವಾ?

— ಸಂ.