ರಾತ್ರಿ ಅಪ್ಪ ಆಸ್ಪತ್ರೆ ಮಂಚದಿಂದ ಬೀಳದ ಹಾಗೆ ಎರಡೂ ಕಡೆ ರೇಲಿಂಗ್ ಏರಿಸಿದರೆ ಸಾಕೇ, ಕೈ ಕಟ್ಟಿಸಬೇಕೇ?

ನಾನೂ ಅಮ್ಮನ ಮಂಚಕ್ಕೆ ಎರಡೂ ಕಡೆ ಏರಿಸಿಯೇ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದೆ. ನಡುರಾತ್ರಿ ಅಮ್ಮ ಕಾಲಿನ ಕಡೆ, ರೇಲಿಂಗ್ ಮುಗಿಯುವ ಸಂದಿಯಲ್ಲಿ ಇಳಿಯಲು ಹೋಗಿದ್ದಾರೆ. ಡ್ರಿಪ್ ಸ್ಟ್ಯಾಂಡ್ ಉರುಳಿದ ಸದ್ದಿಗೆ ನನಗೆ ಎಚ್ಚರವಾಯಿತು. ಕಾಲು ಊದಿ ಉಬ್ಬಸ ಬಂದಿದೆ ಅಂತ ಸೇರಿಸಿದವರಿಗೆ ಸೊಂಟದ ಆಪರೇಷನ್ ಮಾಡಿಸಿ ಮನೆಗೆ ಕರೆತರುವ ಹಾಗಾಯಿತು.

ನಿದ್ದೆ ಹೋದೆಯಲ್ಲ ಅಂತ ನನ್ನನ್ನೇ ಬೈದವರು ಬೇಕಾದಷ್ಟು ಜನ. ಆದರೆ ತಪ್ಪು ನಡೆದದ್ದು ಅದಕ್ಕೂ ಮೊದಲು, ಅಡ್ಮಿಟ್ ಮಾಡುವಾಗ. ಸಿಸ್ಟರ್ ಫಾರಂ ಹಿಡಿದುಕೊಂಡು "ಈಚೆಗೆ ಎಲ್ಲಾದ್ರೂ ಬಿದ್ದಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. ಹಿಂದಿನ ತಿಂಗಳು ಬಚ್ಚಲಲ್ಲಿ ಜಾರಿ ಕೂತಿದ್ದರು, ನಾನೇ ಎತ್ತಿ ನಿಲ್ಲಿಸಿದ್ದೆ. ಏನೂ ಮುರಿಯದಿದ್ದರೆ ಅದು ಬಿದ್ದ ಹಾಗಲ್ಲ ಅನ್ನುವುದು ನನ್ನ ಲೆಕ್ಕ. ಜೊತೆಗೆ, ಹೌದು ಅಂದರೆ ಇನ್ನೊಂದು ಎಕ್ಸ್‌ರೇ, ಇನ್ನೊಂದು ಬಿಲ್ಲು ಅನ್ನುವ ಅನುಮಾನ. ಅಮ್ಮ ಬೇರೆ ಸುಮ್ಮನಿರು ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಬಿದ್ದೆ ಅಂತ ಪರರ ಮುಂದೆ ಒಪ್ಪಿಕೊಳ್ಳಲು ಅವರಿಗೆ ನಾಚಿಕೆ.

ಆ ಫಾರಂ ಮೋರ್ಸ್ ಸ್ಕೇಲ್ ಅನ್ನುವುದು, ರೋಗಿ ಬೀಳುವ ಅಪಾಯ ಎಷ್ಟು ಅಂತ ಅಳೆಯುವ ಪಟ್ಟಿ. ಒಟ್ಟು 6 ಪ್ರಶ್ನೆ. ಈಚೆಗೆ ಬಿದ್ದಿದ್ದರೆ 25 ಅಂಕ, ಡ್ರಿಪ್ ಇದ್ದರೆ 20, ಒಂದಕ್ಕಿಂತ ಹೆಚ್ಚು ಕಾಯಿಲೆಗೆ 15. 45 ಆದರೆ ಬಹಳಷ್ಟು ಕಡೆ ಬೀಳುವ ಅಪಾಯ ಹೆಚ್ಚು ಅಂತ ಗುರುತು ಹಾಕುತ್ತಾರೆ. ನಾನು ನುಂಗಿಕೊಂಡದ್ದು ಆ 25. ಅದೊಂದು ಸೇರಿದ್ದರೆ ಅಮ್ಮ ಗೆರೆ ದಾಟುತ್ತಿದ್ದರು, ಕೈಗೆ ಹಳದಿ ಪಟ್ಟಿ ಬೀಳುತ್ತಿತ್ತು, ಸಿಸ್ಟರ್‌ಗಳ ಟೇಬಲ್ ಹತ್ತಿರದ ಮಂಚ ಸಿಗುತ್ತಿತ್ತು. ನಮಗೆ ಸಿಕ್ಕಿದ್ದು ವಾರ್ಡಿನ ಕೊನೆಯ ಮಂಚ. ಅಲ್ಲಿಂದ ಟಾಯ್ಲೆಟ್ಟಿಗೆ ಹೋಗಬೇಕಾದರೆ ಇಡೀ ವಾರ್ಡು ದಾಟಬೇಕು. ಇಷ್ಟನ್ನು ನಿಮಗೆ ಎಳೆದೆಳೆದು ಹೇಳುತ್ತಿರುವುದು, ನಿಮ್ಮ ಅಪ್ಪನ ಫಾರಮ್ಮಿನಲ್ಲೂ ಯಾರೋ "ಇಲ್ಲ" ಅಂದಿರುತ್ತಾರೆ ಅನ್ನುವ ಗುಮಾನಿಯಿಂದ. ಇವತ್ತೇ ಹೋಗಿ ತಿದ್ದಿಸಿ.

ಇನ್ನು ರೇಲಿಂಗ್, ಕಟ್ಟುವುದು. ಪ್ರಶ್ನೆಯೇ ಸರಿಯಿಲ್ಲ ಅಂದರೆ ಬೇಜಾರಾಗಬೇಡಿ. ಅವರನ್ನು ಮಂಚದಲ್ಲಿ ಹಿಡಿದಿಡುವುದು ಹೇಗೆ ಅಂತ ಕೇಳುತ್ತಿದ್ದೀರಿ. ಯಾಕೆ ಇಳಿಯುತ್ತಾರೆ ಅಂತ ನೋಡಿ. ಬಹಳಷ್ಟು ಸಲ ಒಂದಕ್ಕೆ ಹೋಗಲು. ಅಮ್ಮನಿಗೆ ಸಂಜೆ ಲ್ಯಾಸಿಕ್ಸ್ ಕೊಟ್ಟಿದ್ದರು. ನೀರು ಇಳಿಸುವ ಆ ಮಾತ್ರೆ ತಾಸಿನೊಳಗೆ ಕೆಲಸ ಶುರುಮಾಡಿ 6 ತಾಸಿನವರೆಗೂ ಬಿಡುವುದಿಲ್ಲ. ಮಗನನ್ನು ಎಬ್ಬಿಸಲು ಮನಸ್ಸು ಬಾರದ ತಾಯಿ ರೇಲಿಂಗ್ ಇದ್ದರೂ ಇಳಿಯುತ್ತಾಳೆ, ಹತ್ತಿ ದಾಟಿದರೆ ಇನ್ನೂ ಎತ್ತರದಿಂದ ಬೀಳುತ್ತಾಳೆ. ಕಟ್ಟಿಸುವುದಂತೂ ಬೇಡವೇ ಬೇಡ. ಆಸ್ಪತ್ರೆ ಸೇರಿದ ವಯಸ್ಸಾದವರು, ಅದರಲ್ಲೂ ಆಪರೇಷನ್ ಆದವರು, ರಾತ್ರಿ ಹೊತ್ತು ಗಲಿಬಿಲಿಯಾಗಿ ಏನೇನೋ ಮಾತಾಡುವುದುಂಟು, ಕೈ ಕಟ್ಟಿದರೆ ಅದು ಇನ್ನೂ ಕೆರಳುತ್ತದೆ.

ಅವರು ಕೇಳುವ ಮೊದಲೇ ನೀವೇ ಕರೆದುಕೊಂಡು ಹೋಗಿ: ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಅಲಾರಂ ಇಟ್ಟುಕೊಂಡು ಒಮ್ಮೆ. ಯೂರಿನಲ್ ಕೈಗೆ ಸಿಗುವಲ್ಲಿರಲಿ. ಮಂಚ ಪೂರ್ತಿ ತಗ್ಗಿಸಿ, ಚಕ್ರದ ಲಾಕ್ ಒತ್ತಿ, ಹವಾಯಿ ಚಪ್ಪಲಿ ಮನೆಗೆ ಕಳಿಸಿ. ಎಬ್ಬಿಸಿದ ಕೂಡಲೇ ನಿಲ್ಲಿಸಬೇಡಿ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಲಿ. ಎದ್ದು ನಿಂತ 3 ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ ಅಂತ ನೀವೇ ಕೇಳಿ. ರೌಂಡ್ಸಿಗೆ ಬಂದಾಗ ಇನ್ನೆರಡು ವಿಷಯ ಕೇಳಿಬಿಡಿ: ನಿದ್ದೆ ಮಾತ್ರೆ ನಿಜವಾಗಿ ಬೇಕಾ, ನೀರಿನ ಮಾತ್ರೆ ಕೊಡುತ್ತಿದ್ದರೆ ಅದನ್ನು ಬೆಳಗಿನ ಹೊತ್ತಿಗೆ ಬದಲಾಯಿಸಬಹುದಾ. ನಮಗೆ ಬದಲಾಯಿಸಿಕೊಟ್ಟರು, ಆದರೆ ಅಮ್ಮ ಬಿದ್ದ ಮೇಲೆ.