ಹಳೆಯ ಮಿಯಾಟಾಕ್ಕೆ ಜಾಕ್ ಎಲ್ಲಿ ಕೊಡಬೇಕು?

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದು, ಈಚೆಗೆ 1992ರ ಮಜ್ದಾ ಎಂಎಕ್ಸ್-5 ಮಿಯಾಟಾ ಕೊಂಡಿದ್ದೇನೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ನಾನೇ ಬದಲಿಸಬೇಕೆಂದು ಬಾಗಿಲ ಕೆಳಗಿನ ತಗಡಿನ ಅಂಚಿಗೆ ಫ್ಲೋರ್ ಜಾಕ್ (ಗಾಲಿಗಳಿರುವ, ಕಾರೆತ್ತುವ ಸಾಧನ) ಕೊಟ್ಟರೆ, ಅಂಚೇ ಬಾಗತೊಡಗಿತು. ಮನೆಯ ಮುಂದೆ ತುಸು ಇಳಿಜಾರಾದ ಡಾಂಬರು ಜಾಗ, ಗ್ಯಾರೇಜಿನೊಳಗೆ ಕಾಂಕ್ರೀಟ್ ನೆಲ ಇದೆ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಹಳೆಯ ಜಾಕ್ ಸ್ಟ್ಯಾಂಡ್‌ಗಳನ್ನು ಪರಿಚಿತರು ಕೊಟ್ಟಿದ್ದಾರೆ. ಕಾರನ್ನು ಹೇಗೆ ಎತ್ತಲಿ?

ಉತ್ತರ: ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಆ ಅಂಚಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ಬಳಿ ಎರಡೆರಡು ಸಣ್ಣ ಕಚ್ಚುಗಳಿದ್ದು, ಅವುಗಳ ನಡುವಿನ ಭಾಗ ಮಾತ್ರ ಭಾರ ಹೊರಲು ಗಟ್ಟಿಯಾಗಿದೆ; ಅಲ್ಲಿಯೂ ಫ್ಲೋರ್ ಜಾಕಿನ ಚಪ್ಪಟೆ ತಲೆ ಕೂತರೆ ತಗಡು ಮಡಚಿಕೊಳ್ಳಬಹುದು. ಫ್ಲೋರ್ ಜಾಕಿಗೆ ಮುಂದೆ ಕ್ರಾಸ್‌ಮೆಂಬರಿನ (ಮುಂದಿನ ಚಕ್ರಗಳ ನಡುವಿನ ಗಟ್ಟಿ ಅಡ್ಡತೊಲೆ) ನಡುಭಾಗ, ಹಿಂದೆ ಡಿಫರೆನ್ಷಿಯಲ್‌ನ ನಡುಭಾಗವೇ ಸರಿಯಾದ ಜಾಗ. ಎಂಜಿನ್ನಿನ ಆಯಿಲ್ ಪ್ಯಾನ್‌ಗಾಗಲಿ, ಗೇರ್‌ಬಾಕ್ಸನ್ನು ಡಿಫರೆನ್ಷಿಯಲ್‌ಗೆ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟಿಗಾಗಲಿ ಜಾಕ್ ಕೊಡಲೇಬೇಡಿ. ಕಾರು ತಗ್ಗಾಗಿರುವುದರಿಂದ ಸಾಧಾರಣ ಜಾಕ್ ಕ್ರಾಸ್‌ಮೆಂಬರಿನ ತನಕ ಹೋಗದಿದ್ದರೆ, ಮುಂದಿನ ಎರಡೂ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ ನಿಲ್ಲಿಸಿದರೆ ಸಾಕು.

ಕೆಲಸವನ್ನು ಗ್ಯಾರೇಜಿನೊಳಗೇ ಮಾಡಿ. ಇಳಿಜಾರಿನಲ್ಲಿ ಕಾರು ಎತ್ತುವ ಮಾತೇ ಇಲ್ಲ. ಬೇಸಿಗೆಯಲ್ಲಿ ಮೆತ್ತಗಾಗುವ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲುಗಳೂ ಹೂತುಹೋಗುತ್ತವೆ. ಇನ್ನು ಎತ್ತುವಾಗ ಜಾಕಿನ ತೋಳು ಕಮಾನಿನಂತೆ ಮೇಲೇರುವುದರಿಂದ, ಜಾಕ್ ತನ್ನ ಗಾಲಿಗಳ ಮೇಲೆ ತುಸು ಉರುಳಲೇಬೇಕು. ಗಾಲಿಗೆ ಕಲ್ಲೋ ಕಸವೋ ಅಡ್ಡ ಬಂದರೆ ಜಾಕಿನ ಬದಲು ಕಾರೇ ಎಳೆದುಕೊಂಡು ಬರುತ್ತದೆ.

ಈ ಕಾರಿನ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಎಂಜಿನ್ನಿನ ಶಕ್ತಿಯೂ ಅವಕ್ಕೇ ಹೋಗುವುದರಿಂದ ಗೇರಿನಲ್ಲಿಟ್ಟರೂ ಅಷ್ಟೇ. ಹಿಂಭಾಗ ಮೇಲೆದ್ದ ಕ್ಷಣಕ್ಕೆ ಎರಡೂ ನಿಷ್ಪ್ರಯೋಜಕವಾಗುತ್ತವೆ. ಆದ್ದರಿಂದ ಮೊದಲು ಹಿಂದಿನ ಚಕ್ರಗಳ ಎರಡೂ ಬದಿಗೆ ಅಡೆ ಕೊಟ್ಟು, ಮುಂಭಾಗವನ್ನು ಸ್ವಲ್ಪ ಎತ್ತಿ, ಎರಡು ಸ್ಟ್ಯಾಂಡ್‌ಗಳನ್ನು ಮೊದಲು ಹೇಳಿದ ಕಚ್ಚುಗಳ ನಡುವೆ ನಿಲ್ಲಿಸಿ ಇಳಿಸಿ. ಅಂಚು ಕೂರುವಂತೆ ಸೀಳಿರುವ ರಬ್ಬರ್ ತುಂಡನ್ನು ನಡುವೆ ಇಡಿ. ಆಮೇಲೆ ಹಿಂಭಾಗ. ಆಗ ಮುಂದಿನ ಸ್ಟ್ಯಾಂಡ್‌ಗಳು ವಾಲುತ್ತಿಲ್ಲವೆಂದು ನೋಡುತ್ತಿರಿ. ಎತ್ತರ ಸಾಲದಿದ್ದರೆ ಒಮ್ಮೆಗೇ ಎತ್ತದೆ, ಹಿಂದೆ ಮುಂದೆ ಸ್ಟ್ಯಾಂಡಿನ ಒಂದೊಂದು ಹಲ್ಲಿನಂತೆ ಏರಿಸಿ. ಆಯಿಲ್ ತುಂಬುವ ರಂಧ್ರದ ಅಂಚಿನ ತನಕ ಬರುವುದೇ ಅದರ ಅಳತೆಯಾದ್ದರಿಂದ ನಾಲ್ಕೂ ಕಡೆ ಸಮನಾಗಿ ಎತ್ತುವುದು ನಿಮಗೆ ಹೇಗೂ ಅಗತ್ಯ.

ಸ್ಟ್ಯಾಂಡ್ ಇಡುವ ಮೊದಲು ಹಿಂದಿನ ಚಕ್ರದ ಮುಂದಿನ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಬಟ್ಟೆಯ ಮೇಲ್ಛಾವಣಿಯ ನೀರು ಹರಿಯುವ ಕೊಳವೆ ಕಟ್ಟಿಕೊಂಡು ತುಕ್ಕು ಹಿಡಿಯುವುದು ಈ ಕಾರುಗಳಿಗೆ ಹೊಸದಲ್ಲ. ಮಂದವಾದ ಸದ್ದು ಬಂದರೆ, ಅಥವಾ ತುಕ್ಕಿನ ಪುಡಿ ಉದುರಿದರೆ, ಅಲ್ಲಿ ಭಾರ ಹಾಕದೆ ಮೊದಲು ರಿಪೇರಿ ಮಾಡಿಸಿ.

ಜಾಕ್ ಎತ್ತುವುದಕ್ಕಷ್ಟೇ, ಅದರೊಳಗಿನ ಸೀಲ್ ಸೋತರೆ ಕಾರು ಕೆಳಗಿಳಿಯುತ್ತದೆ. ಹೊತ್ತು ನಿಲ್ಲುವುದು ಸ್ಟ್ಯಾಂಡ್. ಒಂದು ಟನ್ನಿನ ಆಸುಪಾಸಿನ ಈ ಕಾರಿಗೆ 2 ಟನ್ನಿನವು ಸಾಲುತ್ತವೆ, ಆದರೆ ನಿಮ್ಮವು ಹಳೆಯವು. 2020ರಲ್ಲಿ ಅಮೆರಿಕದಲ್ಲಿ ಉಪಕರಣಗಳನ್ನು ಮಾರುವ ಹಾರ್ಬರ್ ಫ್ರೈಟ್ ಕಂಪನಿಯು ಪಿಟ್ಸ್‌ಬರ್ಗ್ ಹೆಸರಿನ 3 ಮತ್ತು 6 ಟನ್ನಿನ ಕೆಲವು ಸ್ಟ್ಯಾಂಡ್‌ಗಳನ್ನು, ಹಲ್ಲಿಗೆ ಕೊಕ್ಕೆ ಸರಿಯಾಗಿ ಕಚ್ಚದೆ ಜಾರಬಹುದೆಂಬ ಕಾರಣಕ್ಕೆ ಹಿಂಪಡೆದಿತ್ತು. ಸ್ಟ್ಯಾಂಡಿಗೆ ಅಂಟಿಸಿದ ಚೀಟಿಯ ಮೇಲಿನ ಐಟಂ ಸಂಖ್ಯೆಯನ್ನು ಹಿಂಪಡೆದವುಗಳ ಪಟ್ಟಿಯೊಂದಿಗೆ ತಾಳೆ ನೋಡಿ. ಚೀಟಿಯೇ ಇಲ್ಲದಿದ್ದರೆ ಹೊಸದು ಕೊಳ್ಳಿ.

ಕೆಳಗೆ ನುಸುಳುವ ಮೊದಲು ಕಾರನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ. ಹಳೆಯ ಆಯಿಲ್ ಸುರಿಯುವ ಮುನ್ನ ತುಂಬುವ ಪ್ಲಗ್ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಅದು ಜಗ್ಗದಿದ್ದರೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜೋತುಬೀಳಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಮತ್ತೆ ಸ್ಪ್ಯಾನರ್ ಹಾಕಿ.